ಕಿಡ್ನಿ ಕಾಯಿಲೆಗೆ ಸರಕಾರದ ಸಹಾಯ: ಕಾಸರಗೋಡಿನಲ್ಲಿ ನಾನು ಅರ್ಜಿ ಹಾಕಿಸುವ ಕ್ರಮ

ಡಯಾಲಿಸಿಸ್ ಶುರುವಾದ ಮನೆಯವರು ಮೊದಲು ಕೇಳುವುದು ಅಂಗವಿಕಲರ ಕಾರ್ಡಿನ ಬಗ್ಗೆ. ಪಾಲಿಯೇಟಿವ್ (ಮನೆಯಲ್ಲೇ ರೋಗಿಗಳ ಆರೈಕೆ ಮಾಡುವ) ತಂಡದವರ ಜತೆ ಮನೆಮನೆಗೆ ಹೋಗಿ ಕಾಗದಪತ್ರ ಸರಿಮಾಡಿಕೊಡುವ ನಾನು ಅವರಿಗೆ ಹೇಳುವ ಮೊದಲ ಮಾತು: ಆ ಕಾರ್ಡಿನ ಹಿಂದೆ ಈಗಲೇ ಓಡಬೇಡಿ, ಮನೆಯ ರೇಷನ್ ಕಾರ್ಡಿನ ಬಣ್ಣ ಯಾವುದು ನೋಡಿ.

ಕಾರಣ ಸ್ಪಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ರಕ್ತದ ಕಾಯಿಲೆಗಳಾದ ಥಲಸ್ಸೇಮಿಯಾ, ಹಿಮೋಫೀಲಿಯಾ, ಸಿಕಲ್ ಸೆಲ್ ಅದರಲ್ಲಿವೆ. ಕಿಡ್ನಿ ವೈಫಲ್ಯ ಇಲ್ಲ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಎಷ್ಟೇ ಏರಲಿ, ಅದೊಂದೇ ಕಾರಣಕ್ಕೆ ಮೆಡಿಕಲ್ ಬೋರ್ಡು ಶೇಕಡಾ ಲೆಕ್ಕ ಕೊಡುವುದಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಮೆಷಿನಿಗೆ ಕೈ ಒಡ್ಡಿ ಮಲಗುವವರು ಯಾವ ಕೂಲಿಗೆ ಹೋಗಲಾದೀತು? ಈ ಕಾಯಿಲೆ ಆ ಪಟ್ಟಿಗೆ ಸೇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಇವತ್ತು ಅರ್ಜಿ ಹಾಕುವವರು ಇವತ್ತಿನ ಕಾನೂನನ್ನೇ ನೋಡಬೇಕು.

ಕೇರಳದಲ್ಲಿ ರೇಷನ್ ಕಾರ್ಡು ಹಳದಿ ಅಥವಾ ಗುಲಾಬಿಯಾಗಿದ್ದರೆ, ಅಂದರೆ ಬಡ ಮನೆಗಳ ಆದ್ಯತಾ ಕಾರ್ಡಾಗಿದ್ದರೆ, ಅರ್ಧ ಕೆಲಸ ಮುಗಿದಂತೆ. ನೀಲಿ, ಬಿಳಿ ಕಾರ್ಡಿನವರು ಮೊದಲು ಆದ್ಯತಾ ಪಟ್ಟಿಗೆ ಬದಲಾಯಿಸಿಕೊಳ್ಳಲು ಅಕ್ಷಯ ಎಂಬ ಸರಕಾರಿ ಸೇವಾ ಕೇಂದ್ರದ ಮೂಲಕ ಅರ್ಜಿ ಹಾಕಬೇಕು. ವರ್ಷವಿಡೀ ಈ ಅರ್ಜಿ ತೆಗೆದುಕೊಳ್ಳುವುದಿಲ್ಲ. ಆಹ್ವಾನ ಬಂದಾಗ ಕಾಗದಗಳು ಕೈಯಲ್ಲಿ ಸಿದ್ಧವಾಗಿರಬೇಕು. ಡಯಾಲಿಸಿಸ್ ಅಥವಾ ಕಿಡ್ನಿ ಕಸಿಯ ದಾಖಲೆಗೆ ಇಲ್ಲಿ ತೂಕವಿದೆ. ಆದರೂ ತಳ್ಳಿಹೋಗುವುದು ಬೇರೆ ಕಾರಣಗಳಿಗೆ: 1,000 ಚದರಡಿಗಿಂತ ದೊಡ್ಡ ಮನೆ, ಸ್ವಂತದ ನಾಲ್ಕು ಚಕ್ರದ ವಾಹನ, ಒಂದು ಎಕರೆಗಿಂತ ಹೆಚ್ಚು ಜಾಗ, ತಿಂಗಳಿಗೆ 25,000 ರೂಪಾಯಿ ದಾಟುವ ಆದಾಯ, ಕಾರ್ಡಿನಲ್ಲಿ ಸರಕಾರಿ ನೌಕರ ಅಥವಾ ಪಿಂಚಣಿದಾರರ ಹೆಸರು. ನಮ್ಮ ಕಡೆ ಪೆಟ್ಟು ಬೀಳುವುದು ಜಾಗದ ವಿಷಯದಲ್ಲಿ. ಪಾಲಾಗದ ಕುಟುಂಬದ ಗುಡ್ಡ ಜಾಗ ರೋಗಿಯ ಹೆಸರಿನಲ್ಲಿ ಉಳಿದಿರುತ್ತದೆ. ಅನುಭವಿಸುವುದು ಮನೆಯ ಸುತ್ತಲಿನ ಹತ್ತು ಸೆಂಟ್ಸು, ತೀರ್ವೆ (ಭೂಕಂದಾಯ) ರಶೀದಿಯಲ್ಲಿ ಕಾಣುವುದು ಎರಡು ಎಕರೆ. ಪಾಲುಪಟ್ಟಿ ರಿಜಿಸ್ಟರ್ ಮಾಡಿಸಿ, ಪೋಕುವರವು (ಜಾಗದ ದಾಖಲೆಯಲ್ಲಿ ಹೆಸರು ಬದಲಾವಣೆ) ಆದ ಮೇಲಿನ ಹೊಸ ರಶೀದಿ ಇಟ್ಟೇ ಅರ್ಜಿ ಹಾಕಿ. ಬಾಯಿಮಾತಿನ ವಿವರಣೆಗೆ ಅಲ್ಲಿ ಬೆಲೆ ಇಲ್ಲ.

ಎರಡನೆಯದು ಡಾಕ್ಟರ ಸರ್ಟಿಫಿಕೇಟು. ಅರ್ಜಿ ಹಿಂದೆ ಬರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ. "ಕಿಡ್ನಿ ಕಾಯಿಲೆಗೆ ನಮ್ಮಲ್ಲಿ ಚಿಕಿತ್ಸೆಯಲ್ಲಿದ್ದಾರೆ" ಎಂದು ಒಂದು ಸಾಲು ಗೀಚಿ ಸೀಲು ಒತ್ತಿದ ಚೀಟಿ ಯಾವುದಕ್ಕೂ ಸಾಲದು. ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಬರೆಯುವ ಸರ್ಟಿಫಿಕೇಟಿನಲ್ಲಿ ಇಷ್ಟಿರಲಿ: ಆಧಾರಿನಲ್ಲಿರುವ ಹಾಗೆಯೇ ಹೆಸರು, ವಯಸ್ಸು, ಊರಿನ ವಿಳಾಸ; ಕ್ರಾನಿಕ್ ಕಿಡ್ನಿ ಡಿಸೀಸ್ ಐದನೇ ಹಂತ ಎಂಬ ರೋಗನಿರ್ಣಯ; ಇಂಥ ತಾರೀಕಿನಿಂದ ಹೀಮೋಡಯಾಲಿಸಿಸ್, ವಾರಕ್ಕೆ ಇಷ್ಟು ಸಲ, ಮುಂದೆಯೂ ಬೇಕು ಎಂಬ ಒಕ್ಕಣೆ; ಡಾಕ್ಟರ ರಿಜಿಸ್ಟ್ರೇಶನ್ ನಂಬರು, ಸಹಿ, ಸೀಲು, ತಾರೀಕು. ಐದನೇ ಹಂತವೆಂದರೆ ಕಿಡ್ನಿ ರಕ್ತ ಸೋಸುವ ವೇಗ ತೋರಿಸುವ ಇಜಿಎಫ್‌ಆರ್ 15ಕ್ಕಿಂತ ಕೆಳಗೆ. ಆ ಲ್ಯಾಬ್ ವರದಿಯನ್ನೂ ಲಗತ್ತಿಸಿ. ಡಯಾಲಿಸಿಸ್ ಪುಸ್ತಕದ ಕಳೆದ ಮೂರು ತಿಂಗಳ ಪುಟಗಳನ್ನು ಜೆರಾಕ್ಸ್ ಮಾಡಿಟ್ಟರೆ "ನಿಜವಾಗಿ ನಡೆಯುತ್ತಿದೆಯೇ" ಎಂಬ ಪ್ರಶ್ನೆ ಏಳುವುದಿಲ್ಲ.

ಮಂಗಳೂರಿನಲ್ಲಿ ಚಿಕಿತ್ಸೆ ಮಾಡುವ ಗಡಿಯವರಿಗೆ ಇನ್ನೊಂದು ತೊಡಕಿದೆ. ಮೊದಲ ಸಲ ಗಡಿಬಿಡಿಯಲ್ಲಿ ಸೇರಿಸುವಾಗ ಅಲ್ಲಿನ ನೆಂಟರ ವಿಳಾಸ ಕೊಟ್ಟಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕರ್ನಾಟಕದ ವಿಳಾಸ ಕಂಡರೆ ಇಲ್ಲಿನ ಕಚೇರಿ ತಡೆಹಿಡಿಯುತ್ತದೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಆಧಾರ್ ತೋರಿಸಿ ವಿಳಾಸ ತಿದ್ದಿಸಿಕೊಂಡು, ಆಮೇಲೆ ಸರ್ಟಿಫಿಕೇಟು ಬರೆಸಿ. ಹೆಸರಿನ ಕಥೆಯೂ ಅಷ್ಟೇ. ರೇಷನ್ ಕಾರ್ಡಿನಲ್ಲಿ ಐತಪ್ಪನ್, ಆಧಾರಿನಲ್ಲಿ ಐತಪ್ಪ, ಬ್ಯಾಂಕಿನಲ್ಲಿ ಮನೆತನದ ಇನಿಶಿಯಲ್ ಬೇರೆ. ಮೂರನ್ನೂ ಆಧಾರಿಗೆ ಹೊಂದಿಸಿ. "ಇಬ್ಬರೂ ಒಬ್ಬರೇ" ಎಂಬ ಸರ್ಟಿಫಿಕೇಟು ಗ್ರಾಮ ಕಚೇರಿಯಿಂದ ಸಿಗುತ್ತದೆ, ತತ್ಕಾಲಕ್ಕೆ ಕೆಲಸವೂ ನಡೆಯುತ್ತದೆ. ಮುಂದಿನ ಅರ್ಜಿಗೆ ಅದೇ ಗೋಳು ಮತ್ತೆ.

ಈಗ ಹಣದ ವಿಷಯ. ತಿಂಗಳ ಸಹಾಯಧನಕ್ಕೆ ಇಲ್ಲಿರುವುದು ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ 'ಸಮಾಶ್ವಾಸಂ'. ಆದ್ಯತಾ ಕಾರ್ಡಿನ ಮನೆಯವರು ತಿಂಗಳಿಗೆ ಒಂದು ಸಲವಾದರೂ ಡಯಾಲಿಸಿಸ್ ಮಾಡಿಸುತ್ತಿದ್ದರೆ ತಿಂಗಳಿಗೆ 1,100 ರೂಪಾಯಿ. ಕಿಡ್ನಿ ಕಸಿ ಆದವರಿಗೆ ಬೇರೆ ವಿಭಾಗ: ಆಪರೇಶನ್ ಆಗಿ ಐದು ವರ್ಷದವರೆಗೆ ತಿಂಗಳಿಗೆ 1,000. ಕಸಿ ಆದ ಕೂಡಲೇ ಡಯಾಲಿಸಿಸ್ ನಿಲ್ಲುವುದರಿಂದ ಹಳೆಯ ಅರ್ಹತೆಯೂ ನಿಲ್ಲುತ್ತದೆ. ಎರಡನೆಯದಕ್ಕೆ ಹೊಸದಾಗಿ ಅರ್ಜಿ ಹಾಕಬೇಕೆಂಬುದು ಹಲವರಿಗೆ ಹೊಳೆಯುವುದಿಲ್ಲ. ಜತೆಗೆ ಇಡುವುದು ಡಾಕ್ಟರ ಸರ್ಟಿಫಿಕೇಟು, ರೇಷನ್ ಕಾರ್ಡು, ಆಧಾರ್, ಪಾಸ್‌ಪುಸ್ತಕದ ನಕಲು. ಹಣ ತಿಂಗಳು ತಿಂಗಳು ಬರುತ್ತದೆಂದು ನಂಬಿ ಔಷಧದ ಅಂಗಡಿಯಲ್ಲಿ ಸಾಲ ಮಾಡಬೇಡಿ. ಹಲವು ತಿಂಗಳದ್ದು ಒಟ್ಟಿಗೆ ಬರುವುದೇ ಹೆಚ್ಚು.

ಪಾಸ್‌ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ನಮ್ಮ ಊರಿನ ಹಳಬರ ಖಾತೆಗಳು ಇದ್ದದ್ದು ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳಲ್ಲಿ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಪುಸ್ತಕದ ಐಎಫ್‌ಎಸ್‌ಸಿ ಈಗ ಸತ್ತ ನಂಬರು. ಅದನ್ನೇ ಜೆರಾಕ್ಸ್ ಮಾಡಿ ಕೊಟ್ಟರೆ ಮಂಜೂರಾದ ಹಣವೂ ತಿರುಗಿ ಹೋಗುತ್ತದೆ, ತಿಳಿಸುವವರು ಯಾರೂ ಇರುವುದಿಲ್ಲ. ಹೊಸ ಪುಸ್ತಕ ಮಾಡಿಸಿ, ಆಧಾರ್ ಜೋಡಿಸಿ; ಖಾತೆ ರೋಗಿಯ ಒಬ್ಬರ ಹೆಸರಿನಲ್ಲೇ ಇರಲಿ.

ಆಸ್ಪತ್ರೆ ಖರ್ಚಿಗೆ ಕಾಸ್ಪ್, ಅಂದರೆ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ: ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಅದರಲ್ಲಿ ಹೆಸರಿಲ್ಲದ, ವರ್ಷದ ಆದಾಯ ಮೂರು ಲಕ್ಷದೊಳಗಿನ ಮನೆಗಳಿಗೆ ಕಾರುಣ್ಯ ಬೆನೆವೊಲೆಂಟ್ ಫಂಡ್ ಇದೆ. ಸಾಮಾನ್ಯವಾಗಿ ಎರಡು ಲಕ್ಷ, ಕಿಡ್ನಿ ರೋಗಿಗಳಿಗೆ ಮೂರು ಲಕ್ಷದವರೆಗೆ. ಎರಡೂ ಆಸ್ಪತ್ರೆಗೇ ಸಲ್ಲುವ ಹಣ. ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಹಿಡಿದು ಹೋದರೆ ವಾಪಸು ಸಿಗದು. ಆದ್ದರಿಂದ ಸೇರುವ ಮೊದಲೇ ಆಸ್ಪತ್ರೆಯ ಕಾಸ್ಪ್ ಕೌಂಟರಿಗೆ ಹೋಗಿ. ಮಂಗಳೂರಿನ ಆಸ್ಪತ್ರೆಯಾದರೆ "ಕೇರಳದ ಕಾರ್ಡು, ಡಯಾಲಿಸಿಸಿಗೆ ನಡೆಯುತ್ತದೆಯೇ" ಎಂದೇ ಕೇಳಿ. ಬರೀ "ಆಯುಷ್ಮಾನ್ ಇದೆಯೇ" ಎಂದರೆ ಇದೆ ಎನ್ನುತ್ತಾರೆ, ಆದರೆ ಅದರಿಂದ ನಿಮ್ಮ ಕೆಲಸ ಆಗದೆ ಹೋಗಬಹುದು. ಬೀಡಿ ಕಟ್ಟಿ, ಅಡಿಕೆ ಸುಲಿದು ಬೆರಳು ಸವೆದವರಿಗೆ ಆಧಾರ್ ಪರಿಶೀಲನೆಯಲ್ಲಿ ಹೆಬ್ಬೆಟ್ಟು ತಾಳೆಯಾಗುವುದಿಲ್ಲ. ಕಣ್ಣಿನ ಪಾಪೆಯ ಸ್ಕ್ಯಾನ್ ಕೇಳಬಹುದು. ಆಧಾರಿಗೆ ಮೊಬೈಲ್ ನಂಬರು ಜೋಡಿಸಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಅಂಗವಿಕಲರ ಕಾರ್ಡು. ಕಿಡ್ನಿಗೆ ಸಿಗದಿದ್ದರೂ ಕಿಡ್ನಿ ರೋಗಿಗೆ ಸಿಗಬಹುದು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋದವರಲ್ಲಿ ಹಲವರಿಗೆ ಕಣ್ಣೂ ಮಂಜಾಗಿರುತ್ತದೆ, ಕಾಲಿನ ಬೆರಳೋ ಪಾದವೋ ಹೋಗಿರುತ್ತದೆ, ಪಾರ್ಶ್ವವಾಯು ಬಡಿದಿರುತ್ತದೆ. ಇವು ಪಟ್ಟಿಯಲ್ಲಿವೆ. ಬೇಕಾದದ್ದು ಶೇಕಡಾ 40. ಒಂದೊಂದರಿಂದ ಮುಟ್ಟದಿದ್ದರೆ ಒಟ್ಟು ಮಾಡಿ ಲೆಕ್ಕ ಹಾಕುವ ಸೂತ್ರವಿದೆ: ದೊಡ್ಡ ಅಂಕೆಗೆ, ಚಿಕ್ಕ ಅಂಕೆಯನ್ನು 90ರಿಂದ ದೊಡ್ಡದನ್ನು ಕಳೆದು ಉಳಿದದ್ದರಿಂದ ಗುಣಿಸಿ 90ರಿಂದ ಭಾಗಿಸಿದ್ದನ್ನು ಕೂಡಿಸಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ 30. ಕಾಲಿಗೆ 20 ಎಂದಿಟ್ಟುಕೊಳ್ಳಿ. 20ನ್ನು 60ರಿಂದ ಗುಣಿಸಿ 90ರಿಂದ ಭಾಗಿಸಿದರೆ 13.3, ಒಟ್ಟು 43.3. ಕಾರ್ಡು ಸಿಕ್ಕಿತು. ಅದೇ 20 ಮತ್ತು 15 ಆದರೆ 31.7 ಮಾತ್ರ, ಸಾಲದು. ಆದ್ದರಿಂದ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ತುಂಬುವಾಗ ಒಂದೇ ವೈಕಲ್ಯ ಆರಿಸಿ ನಿಲ್ಲಬೇಡಿ. ಇರುವುದನ್ನೆಲ್ಲ ಗುರುತಿಸಿ, ಕಣ್ಣಿನ ಡಾಕ್ಟರ, ಮೂಳೆ ಡಾಕ್ಟರ ದಾಖಲೆಗಳೆರಡನ್ನೂ ಹಿಡಿದು ಬೋರ್ಡಿನ ಮುಂದೆ ಹೋಗಿ. ಕಣ್ಣಿಗೆ ಲೇಸರೋ ಇಂಜೆಕ್ಷನ್ನೋ ನಡೆಯುತ್ತಿದ್ದರೆ ಅದು ಮುಗಿಯಲಿ. ಇನ್ನೂ ಸುಧಾರಿಸಬಹುದಾದ ದೃಷ್ಟಿಗೆ ಶಾಶ್ವತ ಶೇಕಡಾ ಬರೆಯುವುದಿಲ್ಲ. ಬೋರ್ಡಿನ ದಿನ ಡಯಾಲಿಸಿಸ್ ದಿನವಾಗದಂತೆ ನೋಡಿಕೊಳ್ಳಿ. ಅಲ್ಲಿ ಬಿಪಿ ನೋಡುವವರಿಗೆ ಫಿಸ್ಟುಲಾ (ಡಯಾಲಿಸಿಸಿಗಾಗಿ ಜೋಡಿಸಿದ ರಕ್ತನಾಳ) ಇರುವ ಕೈ ಬೇಡವೆಂದು ಮೊದಲೇ ಹೇಳಿ.

ಮಲಯಾಳದ ಫಾರಂ ಓದಲಾಗದವರು ಹೆದರಬೇಕಿಲ್ಲ. ಫಾರಂ ಅಕ್ಷಯದಲ್ಲಿ ತುಂಬಿಸಿ, ಆದರೆ ಜತೆಗಿನ ಪತ್ರ, ಆಕ್ಷೇಪ, ಮರುಪರಿಶೀಲನೆಯ ಮನವಿ ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜತೆ ಕನ್ನಡಿಗರು ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಮೂರನೇ ಸೆಕ್ಷನ್ ಹೇಳುತ್ತದೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಿ, ಕೊಟ್ಟ ಮನವಿಯ ನಕಲಿನ ಮೇಲೆ ತಾರೀಕು ಸಹಿತ ಸೀಲು ಹಾಕಿಸಿಕೊಳ್ಳಿ. ಆ ಸೀಲಿಲ್ಲದೆ ಯಾವ ಕಾಗದವನ್ನೂ ಕೊಟ್ಟು ಬರಬೇಡಿ.

ರೈಲಿನ ರಿಯಾಯಿತಿಗೆ ಇದ್ಯಾವ ಕಾರ್ಡೂ ಬೇಡ. ಡಯಾಲಿಸಿಸ್ ಅಥವಾ ಕಸಿಗಾಗಿ ಹೋಗುವ ಕಿಡ್ನಿ ರೋಗಿಗೂ ಜತೆಗಿರುವ ಒಬ್ಬರಿಗೂ ಸೆಕೆಂಡ್ ಕ್ಲಾಸು, ಸ್ಲೀಪರು, ತ್ರೀ ಎಸಿಯಲ್ಲಿ ಮೂಲ ದರದ ಶೇಕಡಾ 75 ಕಡಿತವಿದೆ. ಟೂ ಎಸಿ, ಫಸ್ಟ್ ಎಸಿಯಲ್ಲಿ 50. ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯಿಂದ ಸರ್ಟಿಫಿಕೇಟು ಬರೆಸಿ, ಅದರಲ್ಲಿ ಹೊರಡುವ ಮತ್ತು ತಲುಪುವ ಸ್ಟೇಶನ್ ಹೆಸರು ಬರೆದಿದೆಯೇ ನೋಡಿ. ಟಿಕೆಟು ಸಿಗುವುದು ಕೌಂಟರಿನಲ್ಲಿ ಮಾತ್ರ, ಮೊಬೈಲಿನಲ್ಲಿ ಈ ರಿಯಾಯಿತಿ ಇಲ್ಲ.