ಕುಂಡದಲ್ಲಿ ಅಂಜೂರ ಬೆಳೆದ ನನ್ನ ಅನುಭವ

ಅಂಜೂರ ಮರ ಆಗೋ ಗಿಡ ಅಲ್ವಾ, ಕುಂಡದಲ್ಲಿ ಹಣ್ಣು ಬಿಡುತ್ತಾ ಅಂತ ಕೇಳುವವರು ತುಂಬಾ ಜನ. ಬಿಡುತ್ತದೆ. ಬೇರಿಗೆ ಜಾಗ ಕಡಿಮೆ ಇದ್ದಾಗ ಅಂಜೂರ ಎತ್ತರಕ್ಕೆ ಹೋಗುವುದು ಬಿಟ್ಟು ಕಾಯಿ ಕಟ್ಟುವ ಕಡೆ ತಿರುಗುತ್ತದೆ.

ನಾನು ಕಡ್ಡಿಯಿಂದ ಗಿಡ ಮಾಡಿದೆ. ಬೀಜದ ಗಿಡ ಎಂಥ ಹಣ್ಣು ಕೊಡುತ್ತದೋ ಹೇಳಲಾಗದು. ಬೆರಳು ದಪ್ಪದ ಬಲಿತ ಕಡ್ಡಿಯಲ್ಲಿ 3-4 ಗೆಣ್ಣು ಇರಲಿ, ಎರಡು ಗೆಣ್ಣು ಮಣ್ಣೊಳಗೆ ಹೋಗಲಿ. ಕಡ್ಡಿ ತರುವಾಗ ತಳಿ ಕೇಳಿಕೊಳ್ಳಿ. ಅಂಜೂರದ ಹೂವು ಕಾಯಿಯ ಒಳಗೇ ಇರುತ್ತದೆ. ಕೆಲವು ತಳಿಗಳಲ್ಲಿ ಒಂದು ಪುಟ್ಟ ಕಣಜ ಒಳಗೆ ನುಗ್ಗಿ ಪರಾಗ ತಂದರೆ ಮಾತ್ರ ಹಣ್ಣು. ನನ್ನದು ಬ್ರೌನ್ ಟರ್ಕಿ, ಇದಕ್ಕೆ ಕಣಜ ಬೇಡ.

ಬೇರು ತುಂಬಿದ ಹಾಗೆ ಕುಂಡ ದೊಡ್ಡದು ಮಾಡುತ್ತಾ 18 ಇಂಚಿನದಕ್ಕೆ ತಂದು ನಿಲ್ಲಿಸಿದ್ದೇನೆ. ಮಣ್ಣು, ಮರಳು, ಎರೆಹುಳು ಗೊಬ್ಬರ ಕಲಸಿದರೆ ಸಾಕು, ನೀರು ಬಸಿಯಬೇಕು ಅಷ್ಟೇ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕೇ ಬೇಕು. ಯೂರಿಯಾದಂಥ ಸಾರಜನಕದ ಗೊಬ್ಬರ ಜಾಸ್ತಿ ಆದರೆ ಬರೀ ಎಲೆ ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಿಡ ಹೊರಗೆ ತೆಗೆದು, ಸುತ್ತಿಕೊಂಡ ಹೊರಬೇರನ್ನು ಕತ್ತರಿಸಿ, ಹೊಸ ಮಣ್ಣು ತುಂಬಿ ಅದೇ ಕುಂಡಕ್ಕೆ ಇಳಿಸುತ್ತೇನೆ.

ಆದರೆ ಫಸಲು ನಿಂತಿರುವುದು ಕತ್ತರಿಯ ಮೇಲೆ. ಮುಖ್ಯ ಫಸಲು ಬರುವುದು ಹೊಸ ಚಿಗುರಿನಲ್ಲಿ, ಎಲೆಯ ತೊಟ್ಟು ಕೊಂಬೆಗೆ ಸೇರುವ ಸಂದಿಯಲ್ಲಿ. ಹೊಸ ಚಿಗುರು ಹೊಡೆಯದಿದ್ದರೆ ಕಾಯಿ ಎಲ್ಲಿಂದ ಬರಬೇಕು? ಗಿಡ ಎಲೆ ಉದುರಿಸಿ ಸುಮ್ನೆ ನಿಂತ ಸಮಯದಲ್ಲಿ ಗಟ್ಟಿ ಮನಸ್ಸು ಮಾಡಿ ಸವರುತ್ತೇನೆ. ನಾಲ್ಕೈದು ಕೊಂಬೆ ಉಳಿಸಿ, ಅವನ್ನೂ ಮೋಟು ಮಾಡುತ್ತೇನೆ. ಚಿಗುರಿಗೆ 5-6 ಎಲೆ ಬಂದ ಮೇಲೆ ತುದಿ ಚಿವುಟುತ್ತೇನೆ. ಆಮೇಲೆ ಎಲೆಸಂದಿಗಳಲ್ಲಿ ಕಡಲೆಕಾಳಿನಷ್ಟು ಹಸಿರು ಗುಂಡುಗಳು ಮೂಡುವುದನ್ನು ನೋಡುವುದೇ ಒಂದು ಖುಷಿ. ಸವರುವಾಗ ಕೈಗವಸು ಹಾಕಿಕೊಳ್ಳಿ. ಕತ್ತರಿಸಿದಲ್ಲಿ ಸುರಿಯುವ ಬಿಳಿ ಹಾಲು ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳಬಹುದು.

ಕಾಯಿ ಇರುವಾಗ ನೀರು ಒಂದೇ ಸಮನಾಗಿರಬೇಕು. ಅಗಲ ಎಲೆಯ ಗಿಡ, ಬಿಸಿಲಿಗೆ ಕುಂಡ ಬೇಗ ಒಣಗುತ್ತದೆ. ಒಣಗಿದರೆ ಕಾಯಿ ಉದುರುತ್ತದೆ. ಒಣಗಿಸಿ ಆಮೇಲೆ ಒಮ್ಮೆಲೇ ಸುರಿದರೆ ಹಣ್ಣು ಬಿರಿಯುತ್ತದೆ. ಮಣ್ಣಿಗೆ ಬೆರಳು ಇಳಿಸಿ ನೋಡಿಯೇ ನೀರು ಹಾಕುತ್ತೇನೆ. ಮಳೆಗಾಲದಲ್ಲಿ ಎಲೆಯ ಅಡಿಯಲ್ಲಿ ತುಕ್ಕಿನ ಪುಡಿಯಂಥದ್ದು ಕಂಡರೆ ಆ ಎಲೆ ಕಿತ್ತು ದೂರ ಹಾಕುತ್ತೇನೆ.

ಕಾಯಿ ವಾರಗಟ್ಟಲೆ ಹಾಗೇ ನಿಂತಿರುತ್ತದೆ. ಬೇಸರ ಬೇಡ, ಅದರ ಸ್ವಭಾವವೇ ಹಾಗೆ. ಆಮೇಲೆ ಕೆಲವೇ ದಿನಗಳಲ್ಲಿ ದಪ್ಪಗಾಗಿ ಬಣ್ಣ ತಿರುಗುತ್ತದೆ. ಆಗಲೇ ತೆಳು ಬಟ್ಟೆಯ ಚೀಲ ಕಟ್ಟಿಬಿಡಿ, ಹಕ್ಕಿಗಳು ನಮಗಿಂತ ಚುರುಕು. ಬಣ್ಣ ಬಂತೆಂದು ಕೀಳಬೇಡಿ. ತೊಟ್ಟಿನ ಬಳಿ ಕತ್ತು ಬಾಗಿ ಹಣ್ಣು ಜೋತುಬೀಳಬೇಕು, ಮುಟ್ಟಿದರೆ ಮೆತ್ತಗಿರಬೇಕು. ಕೆಲವೊಮ್ಮೆ ಹಣ್ಣಿನ ತಳದ ಪುಟ್ಟ ತೂತಿನಲ್ಲಿ ಜೇನಿನಂಥ ಹನಿ ನಿಂತಿರುತ್ತದೆ. ಕಿತ್ತಾಗ ತೊಟ್ಟಿನಿಂದ ಹಾಲು ಸುರಿದರೆ ಅದಿನ್ನೂ ಕಾಯಿ. ಅಂಜೂರ ಕಿತ್ತ ಮೇಲೆ ಮೆತ್ತಗಾದೀತೇ ಹೊರತು ಸಿಹಿ ಏರುವುದಿಲ್ಲ. ಗಿಡದಲ್ಲೇ ಪೂರ್ತಿ ಮಾಗಿದ್ದು ಇಟ್ಟರೂ ಬಾಳುವುದಿಲ್ಲ, ಕಿತ್ತ ದಿನವೇ ತಿಂದುಬಿಡಿ.