ರಾಗಿ ಸರಿಯಿಂದ ಒಂದು ಅಗುಳಿನವರೆಗೆ

ಮಗಳಿಗೆ ಆರು ತಿಂಗಳು ತುಂಬಿದ ವಾರವೇ ನನ್ನ ಹೆಂಡತಿಯ ಹೆರಿಗೆ ರಜೆ ಮುಗಿಯಿತು. ಸಿಕ್ಕಿದ್ದು 26 ವಾರ. ಹೆರಿಗೆಯ ಹಿಂದಿನ ದಿನದವರೆಗೂ ಆಫೀಸಿಗೆ ಹೋಗಿ, ಅಷ್ಟೂ ರಜೆಯನ್ನು ಮಗುವಿಗೆಂದೇ ಉಳಿಸಿಕೊಂಡಿದ್ದಳು. ನಾನು ಮನೆಯಿಂದಲೇ ಕೆಲಸ ಮಾಡುವವನು, ಪುಸ್ತಕಗಳ ಪುಟವಿನ್ಯಾಸ ನನ್ನ ಕಸುಬು. ಹಾಗಾಗಿ 2023ರ ಮೇ ತಿಂಗಳಿಂದ ಹಗಲು ಹೊತ್ತು ಮಗಳಿಗೆ ಉಣ್ಣಿಸುವುದು ನನ್ನ ಪಾಲಿಗೆ ಬಂತು. ನಾಗಮಂಗಲದ ಕಡೆಯ ನಮ್ಮೂರಿಂದ ಅವ್ವ ಬಂದು ಮೈಸೂರಿನಲ್ಲಿ ನಮ್ಮ ಜೊತೆ ನಾಲ್ಕು ತಿಂಗಳು ಇದ್ದಳು. ನಾನು ಕಲಿತದ್ದರಲ್ಲಿ ಹೆಚ್ಚಿನದು ಅವಳ ಕೈಯಿಂದ, ಉಳಿದದ್ದು ಮಗಳಿಂದ.

ಅವ್ವ ಬರುವಾಗ ಚೀಲದಲ್ಲಿ ಹೊಲದ ರಾಗಿ ತಂದಿದ್ದಳು. ಸರಿ ಹಿಟ್ಟು ಮಾಡುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಮೊದಲು ಮೊರದಲ್ಲಿ ಕೇರಿ ಕಲ್ಲು, ಹೊಟ್ಟು ತೆಗೆಯಬೇಕು. ಆಮೇಲೆ ತೊಳೆಯುವುದು. ಮೊದಲ ನೀರು ಕೆಂಪಗೆ ಮಣ್ಣಿನ ಹಾಗೆ ಬರುತ್ತದೆ, ಅದು ತಿಳಿಯಾಗುವ ತನಕ ಬಿಡಬಾರದು, ನಮಗೆ ಆರು ನೀರು ಬೇಕಾಯಿತು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಯೊಳಗೆ ಮುಚ್ಚಿಟ್ಟರೆ ಬೇಸಿಗೆಯ ಸೆಕೆಗೆ ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಬಟ್ಟೆ ಒಣಗಿದರೆ ಮೊಳಕೆ ನಿಂತುಹೋಗುತ್ತದೆ. ನೀರು ಹೆಚ್ಚಾದರೆ ಹುಳಿ ವಾಸನೆ ಬರುತ್ತದೆ, ಹಾಗೆ ಬಂದದ್ದನ್ನು ಮಗುವಿಗೆ ಬಳಸಲೇಬಾರದು. ಮೊಳಕೆ ಬಂದ ರಾಗಿಯನ್ನು ತಾರಸಿಯ ಮೇಲೆ ಹರಡಿ ಗರಿಗರಿ ಒಣಗಿಸಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವಷ್ಟು ಮಾತ್ರ ಬೆಚ್ಚಗೆ ಹುರಿದು, ಮಿಲ್ಲಿಗೆ ಒಯ್ದೆ. ಮಿಲ್ಲಿನಲ್ಲಿ ಒಂದು ಎಚ್ಚರ ಬೇಕು. ಮೆಣಸಿನಕಾಯಿ ಬೀಸಿದ ಯಂತ್ರಕ್ಕೆ ಮಗುವಿನ ರಾಗಿ ಹಾಕಿಸಬಾರದು. ಬೇರೆಯವರ ರಾಗಿ ಬೀಸುವವರೆಗೆ ಕಾದು, ಅದರ ಹಿಂದೆಯೇ ನಮ್ಮದನ್ನು ಹಾಕಿಸಿದೆ.

ನಿಜವಾದ ಕೆಲಸ ಆಮೇಲಿನದು. ಅಗಲ ಬಾಯಿಯ ಪಾತ್ರೆಗೆ ಹಳೆಯ ಮಲ್ ಪಂಚೆಯ ತುಂಡನ್ನು ತಮಟೆಯ ಹಾಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಒಂದು ಹಿಡಿ ಹಿಟ್ಟು ಹಾಕಿ, ಅಂಗೈಯಿಂದ ಸುತ್ತಲೂ ಸವರುತ್ತಾ ಹೋಗಬೇಕು. ವಸ್ತ್ರಗಾಳಿ ಹಿಡಿಯುವುದು ಅಂದರೆ ಇದೇ. ಒತ್ತಿದರೆ ತೌಡೂ ಇಳಿಯುತ್ತದೆ, ತೇಲಿಸಿದರೆ ಏನೂ ಇಳಿಯುವುದಿಲ್ಲ. ಅವ್ವನ ಕೈ ಸುತ್ತುವಾಗ ಸದ್ದೇ ಬರುತ್ತಿರಲಿಲ್ಲ. ನನ್ನದು ಬಟ್ಟೆಯನ್ನು ಕೆರೆಯುವಂತೆ ಕೇಳುತ್ತಿತ್ತು. ಮೂರನೆಯ ದಿನ ಅವಳು ನನ್ನ ಕೈ ಮೇಲೆ ತನ್ನ ಕೈ ಇಟ್ಟು ನಾಲ್ಕು ಸುತ್ತು ತಿರುಗಿಸಿದಳು. ಆಗ ಹದ ಸಿಕ್ಕಿತು. ಬಟ್ಟೆ ಬಿಚ್ಚಿದಾಗ ಪಾತ್ರೆಯ ತಳದಲ್ಲಿದ್ದ ಹಿಟ್ಟು ಪೌಡರಿಗಿಂತ ನಯವಾಗಿತ್ತು. ಮೇಲೆ ಉಳಿದ ಕೆಂಪು ತೌಡು ನಮ್ಮ ರೊಟ್ಟಿಗೆ ಹೋಯಿತು.

ಇಷ್ಟೆಲ್ಲ ಯಾಕೆ, ಮಾಮೂಲಿ ರಾಗಿ ಹಿಟ್ಟು ಆಗುವುದಿಲ್ಲವೇ ಎಂಬ ಪ್ರಶ್ನೆ ನನಗೂ ಇತ್ತು. ಒಂದು ದಿನ ಮೊಳಕೆ ಹಿಟ್ಟು ಮುಗಿದಿತ್ತು. ಮುದ್ದೆಗೆ ಇಟ್ಟಿದ್ದ ಹಿಟ್ಟನ್ನೇ ಅಷ್ಟೇ ಅಳತೆಯಲ್ಲಿ, ಎರಡು ಚಮಚಕ್ಕೆ ಒಂದು ಲೋಟ ನೀರು ಹಾಕಿ ಕಾಯಿಸಿದೆ. ಎಳೆ ಮಗು ನುಂಗಲಾಗದಷ್ಟು ಗಟ್ಟಿಯಾಯಿತು. ತೆಳ್ಳಗೆ ಮಾಡಲು ನೀರು ಸುರಿಯುತ್ತಾ ಹೋದರೆ ಪುಟ್ಟ ಹೊಟ್ಟೆಗೆ ಸೇರುವುದು ಬರೀ ನೀರು. ಮೊಳಕೆ ಬಂದಾಗ ಕಾಳಿನೊಳಗೇ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಮೊಳಕೆ ಹಿಟ್ಟು ಹೆಚ್ಚು ಹಾಕಿದರೂ ಸರಿ ಹರಿಯುವ ಹದದಲ್ಲೇ ಇರುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಆಹಾರ ಹಿಡಿಯುತ್ತದೆ. ಸತ್ವ ಮೈಗೆ ಹತ್ತುವುದಕ್ಕೆ ಅಡ್ಡಿಯಾಗುವ ಫೈಟೇಟ್ ಅಂಶವೂ ಕಡಿಮೆಯಾಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅವ್ವನಿಗೆ ಈ ಲೆಕ್ಕ ಯಾವುದೂ ಬೇಡ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದೆ ಎಂದು ಹೇಳಿದಾಗ ಅವಳು ಹೇಳಿದ್ದು ಬೇರೆಯದೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಕೊಟ್ಟ ಇಂಡಾಫ್ ತಳಿ ಮೊದಲ ಸಲ ನಮ್ಮ ಹೊಲಕ್ಕೆ ಬಂದ ವರ್ಷ, ಕಣದಲ್ಲಿ ರಾಗಿ ತುಂಬಲು ಮನೆಯ ಚೀಲ ಸಾಲದೆ ಪಕ್ಕದ ಮನೆಯಿಂದ ತಂದಿದ್ದರಂತೆ.

ಅನ್ನಪ್ರಾಶನವನ್ನು ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಮಾಡಿಸಿಕೊಂಡು ಬಂದೆವು, ಅತ್ತೆಯವರ ಹರಕೆಯಿತ್ತು. ಮಾರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮನೆಯಲ್ಲಿ ಮೊದಲ ಸರಿ. ತಣ್ಣೀರಿನಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕದಡಿಕೊಂಡು, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಬಣ್ಣ ಗಾಢವಾಗಿ ಮೇಲೆ ಹೊಳಪು ಬಂದಾಗ ಇಳಿಸಿ, ಒಂದು ಹನಿ ತುಪ್ಪ. ಉಪ್ಪಿಲ್ಲ, ಸಕ್ಕರೆಯಿಲ್ಲ, ಬೆಲ್ಲವೂ ಇಲ್ಲ. ಮೊದಲ ಚಮಚ ಬಾಯಿಗೆ ಹೋಯಿತು, ನಾಲಿಗೆಯ ಜೊತೆ ಗಲ್ಲಕ್ಕೆ ಇಳಿಯಿತು. ಎರಡನೆಯದೂ ಹಾಗೇ. ಇಷ್ಟವಿಲ್ಲವೇನೋ ಎಂದು ನನ್ನ ಮುಖ ಸಣ್ಣದಾಯಿತು. ಅಷ್ಟೂ ದಿನ ನಾಲಿಗೆಯನ್ನು ಮುಂದಕ್ಕೆ ಚಾಚಿ ಹಾಲು ಕುಡಿದ ಮಗು, ಬಂದದ್ದನ್ನು ಹಿಂದಕ್ಕೆ ಒಯ್ಯಲು ಇನ್ನೂ ಕಲಿಯಬೇಕಿತ್ತು. ಗಲ್ಲಕ್ಕೆ ಇಳಿದದ್ದನ್ನು ಚಮಚದ ಅಂಚಿನಿಂದ ಮೇಲಕ್ಕೆತ್ತಿ ಮತ್ತೆ ಬಾಯಿಗಿಟ್ಟೆ. ನಾಲ್ಕನೆಯ ಸಲ ತುಟಿ ಮುಚ್ಚಿದಳು. ಗಂಟಲಿನಲ್ಲಿ ಏನೋ ಇಳಿದದ್ದು ಕಂಡಿತು. ಹುಬ್ಬು ಎರಡೂ ಮೇಲೇರಿದವು, ಕಣ್ಣು ನನ್ನ ಮೇಲೆ ನೆಟ್ಟವು, ಬಾಯಿ ತಾನಾಗಿ ತೆರೆಯಿತು. ಹೆಂಡತಿ ಬ್ಯಾಂಕಿನಿಂದ ಫೋನ್ ಮಾಡಿ ‘ಎಷ್ಟು ತಿಂದಳು?’ ಎಂದು ಕೇಳಿದಾಗ ‘ಒಂದೂವರೆ ಚಮಚ’ ಎಂದೆ. ಅವಳು ಆ ಕಡೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹಾಲು ನಿಲ್ಲಿಸಿರಲಿಲ್ಲ. ಅವಳು ಬೆಳಿಗ್ಗೆ ಹಿಂಡಿಟ್ಟು ಹೋದ ಎದೆಹಾಲನ್ನು ಫ್ರಿಜ್ಜಿನಿಂದ ತೆಗೆದು, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗಾಗಿಸಿ, ಅವ್ವ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸುತ್ತಿದ್ದಳು. ನನಗೂ ತಂಗಿಗೂ ಕುಡಿಸಿದ್ದ ಅದೇ ಒಳಲೆ. ಬಾಟಲಿಗಿಂತ ಇದೇ ವಾಸಿ, ಕುದಿಸಿ ತೊಳೆಯುವುದು ಸುಲಭ ಎಂದು ಮಕ್ಕಳ ಡಾಕ್ಟರೂ ಹೇಳಿದರು. ಸಂಬಂಧಿಕರೊಬ್ಬರು ಕೊಡಗಿನ ಜೇನು ತಂದು ನಾಲಿಗೆಗೆ ಹಚ್ಚಲು ಹೊರಟಾಗ ಮಾತ್ರ ನಾನು ಗಟ್ಟಿಯಾಗಿ ಬೇಡವೆಂದೆ. ಎಂಥ ಶುದ್ಧ ಜೇನಿನಲ್ಲೂ ಇರಬಹುದಾದ ಬಾಟುಲಿಸಂ ರೋಗಾಣು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ವಿಷವಾಗಬಹುದು. ಅವರಿಗೆ ಬೇಸರವಾಯಿತು. ಅವ್ವ ನನ್ನ ಪರ ನಿಂತು ಜೇನಿನ ಬಾಟಲಿಯನ್ನು ಅಟ್ಟದ ಮೇಲಿಟ್ಟಳು.

ಸರಿಯ ನಂತರ ಮೂರು ಮೂರು ದಿನಕ್ಕೆ ಒಂದರಂತೆ ಹೊಸ ರುಚಿ: ಹೆಸರುಬೇಳೆ ಅನ್ನ, ಸಿಹಿಗುಂಬಳ, ಕ್ಯಾರೆಟ್, ಪಚ್ಚಬಾಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ. ಪಚ್ಚಬಾಳೆ ಹೆಚ್ಚಾದ ವಾರ ಮಲಬದ್ಧತೆಯಾಗಿ ಅತ್ತಳು. ಬಾಳೆ ನಿಲ್ಲಿಸಿ ಪಪ್ಪಾಯಿ ಕೊಟ್ಟು, ಊಟದ ನಡುವೆ ಎರಡು ಗುಟುಕು ಕುದಿಸಿ ಆರಿಸಿದ ನೀರು ಕೊಟ್ಟ ಮೇಲೆ ಸರಿಹೋಯಿತು.

ನಾನು ಮಾಡಿದ ತಪ್ಪು ಮಿಕ್ಸಿಯದು. ಗಂಟಲಿಗೆ ಸಿಕ್ಕೀತು ಎಂಬ ಹೆದರಿಕೆಯಲ್ಲಿ ಎಲ್ಲವನ್ನೂ ನುಣ್ಣಗೆ ರುಬ್ಬುತ್ತಿದ್ದೆ. ಬಟ್ಟಲು ಐದು ನಿಮಿಷದಲ್ಲಿ ಖಾಲಿಯಾಗುತ್ತಿತ್ತು, ನನಗೆ ಸಮಾಧಾನ. ಎಂಟನೆಯ ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಕರೆಂಟಿಲ್ಲದೆ ಅನ್ನವನ್ನು ಚಮಚದಲ್ಲೇ ಹಿಸುಕಿ ಕೊಟ್ಟರೆ ಬಾಯಿಗೆ ಹೋದ ತಕ್ಷಣ ಓಕರಿಸಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಅಷ್ಟೂ ಹೊರಗೆ. ನನ್ನ ಕೈಕಾಲು ನಡುಗಿತು. ಅವ್ವ ಬಂದು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಳು.

‘ಅದುಕ್ಕೇನೂ ಆಗಿಲ್ಲ ಕಣ್ಲಾ. ಗಂಜಿ ಕುಡ್ದೂ ಕುಡ್ದೂ ಅದ್ರ ಬಾಯ್ಗೆ ಅನ್ನ ಅಂದ್ರೇನು ಅಂತ್ಲೇ ಗೊತ್ತಿಲ್ಲ. ಆ ಮಿಸಿನ್ನ ಮಡಗು ಅತ್ಲಾಗೆ, ಕೈಯಾಗೆ ಕಿವುಚು.’

ಡಾಕ್ಟರನ್ನೂ ಕೇಳಿದೆ. ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ. ಓಕರಿಸುವ ಮಗು ಕೆಮ್ಮುತ್ತದೆ, ಸದ್ದು ಮಾಡುತ್ತದೆ, ಸಿಕ್ಕಿದ್ದನ್ನು ತಾನೇ ಹೊರಗೆ ತರುತ್ತದೆ. ಉಸಿರುಗಟ್ಟಿದ ಮಗುವಿಗೆ ಸದ್ದೇ ಬರುವುದಿಲ್ಲ, ಕೆಮ್ಮಲೂ ಅಳಲೂ ಆಗುವುದಿಲ್ಲ. ಆಗ ಏನು ಮಾಡಬೇಕೆಂದು ಅವರು ಗೊಂಬೆಯ ಮೇಲೆ ತೋರಿಸಿಕೊಟ್ಟರು: ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿನ ನಡುವೆ ಐದು ಏಟು. ಅದಕ್ಕೂ ಆಗದಿದ್ದರೆ ಅಂಗಾತ ತಿರುಗಿಸಿ ಎರಡು ಬೆರಳಿನಿಂದ ಎದೆಯ ನಡುವೆ ಐದು ಸಲ ಒತ್ತುವುದು. ಅದನ್ನು ಕಲಿತ ಮೇಲೆ ನನ್ನ ಹೆದರಿಕೆ ಇಳಿಯಿತು. ಇಡೀ ಕಡಲೆಬೀಜ, ದ್ರಾಕ್ಷಿ ಮನೆಯ ಕೆಳಗಿನ ಕಪಾಟಿನಿಂದ ಮಾಯವಾದವು. ಒಂಬತ್ತು ಹತ್ತು ತಿಂಗಳು ದಾಟುವವರೆಗೂ ನುಣುಪನ್ನೇ ಕೊಡುತ್ತಾ ಹೋದರೆ ಗಟ್ಟಿ ಆಹಾರಕ್ಕೆ ಒಗ್ಗಿಸುವುದು ಇನ್ನೂ ಕಷ್ಟವಾಗುತ್ತಿತ್ತು ಎಂದೂ ಅವರು ಹೇಳಿದರು. ಎಲ್ಲ ಅಪ್ಪ ಅಮ್ಮಂದಿರಿಗೂ ನಾನು ಮೊದಲು ಹೇಳುವ ಮಾತು ಈಗ ಇದೇ.

ಕೈಯಲ್ಲಿ ಕಿವುಚುವುದಕ್ಕೂ ಹದವಿದೆ. ಬಿಸಿ ಅನ್ನ, ಬೇಳೆ, ಬೆಂದ ಸೊಪ್ಪನ್ನು ತಟ್ಟೆಯಲ್ಲಿ ಹಾಕಿಕೊಂಡು ಬೆರಳ ತುದಿಯಿಂದ ತಟ್ಟೆಗೆ ಉಜ್ಜುತ್ತಾ ಹೋದರೆ ಗಟ್ಟಿ ಯಾವುದು, ನಾರು ಯಾವುದು, ಬೇಯದೆ ಉಳಿದ ಬೇಳೆ ಯಾವುದು ಎಂದು ಬೆರಳಿಗೇ ತಿಳಿಯುತ್ತದೆ. ಮಿಕ್ಸಿಗೆ ಇದು ತಿಳಿಯುವುದಿಲ್ಲ. ಮೊದಲ ವಾರ ಪೂರ್ತಿ ಕಿವುಚಿದೆ, ಎರಡನೆಯ ವಾರ ಮುಕ್ಕಾಲು, ಮೂರನೆಯ ವಾರ ಅಲ್ಲೊಂದು ಇಲ್ಲೊಂದು ಅಗುಳು ಹಾಗೇ ಬಿಟ್ಟೆ. ಅವಳ ದವಡೆ ಪಕ್ಕಕ್ಕೆ ಆಡಲು ಶುರುವಾಯಿತು. ಹಲ್ಲು ಇದ್ದದ್ದು ಕೆಳಗೆ ಎರಡೇ, ಅಗಿಯುತ್ತಿದ್ದದ್ದು ವಸಡು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಿಕೊಂಡು ಬಂದು ಎರಡು ದಿನವಾಗಿತ್ತು. ನೆಲದ ಮೇಲೆ ಕೂರಿಸಿದ್ದೆ. ಊಟ ಮುಗಿದು ಬಟ್ಟಲು ಎತ್ತಿಡಲು ಎದ್ದಾಗ ಅವಳ ಮುಂದೆ ಒಂದು ಅಗುಳು ಬಿದ್ದಿತ್ತು. ಮೊದಲು ಇಡೀ ಅಂಗೈಯಿಂದ ಬಡಿದಳು. ಅಗುಳು ಅಂಗೈಗೆ ಅಂಟಿ, ಮತ್ತೆ ಕೆಳಗೆ ಬಿತ್ತು. ಮುಖ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದಳು. ಜೊಲ್ಲಿನ ಎಳೆಯೊಂದು ಇಳಿದು ಅಗುಳಿನ ಪಕ್ಕದಲ್ಲೇ ಬಿತ್ತು. ಆಮೇಲೆ ನಾಲ್ಕು ಬೆರಳಿನಿಂದ ಕೆರೆದು ತನ್ನ ಕಡೆಗೆ ಎಳೆದುಕೊಂಡಳು. ಅಗುಳು ಉರುಳಿ ಟೈಲ್ಸಿನ ಸಂದಿಗೆ ಬಂದು ನಿಂತಿತು. ಈಗ ತೋರುಬೆರಳು ಒಂದೇ ಮುಂದೆ ಬಂತು, ಅಗುಳನ್ನು ಒತ್ತಿ ಹಿಡಿಯಿತು. ಹೆಬ್ಬೆರಳು ಪಕ್ಕದಿಂದ ಬಂದು ಸೇರಿತು. ಎರಡು ಬೆರಳಿನ ನಡುವೆ ಬಿಳಿ ಅಗುಳು ಮೇಲೆದ್ದಿತು. ಅದು ಬಾಯಿ ತಲುಪುವ ತನಕ ನಾನು ಬಟ್ಟಲು ಹಿಡಿದುಕೊಂಡು ನಿಂತೇ ಇದ್ದೆ. ಬಾಯಿಗೆ ಇಟ್ಟುಕೊಂಡವಳು ಖಾಲಿ ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡಿದಳು, ಎಲ್ಲಿ ಹೋಯಿತು ಎನ್ನುವಂತೆ. ‘ಅವ್ವಾ, ಬಾ ಇಲ್ಲಿ!’ ಎಂದು ನಾನು ಕೂಗಿದ ಸದ್ದಿಗೆ ಮಗು ಬೆಚ್ಚಿತು. ಅವ್ವ ಓಡಿಬಂದು ವಿಷಯ ಕೇಳಿ, ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು.

ಎಲ್ಲ ದಿನವೂ ಹಾಗಿರಲಿಲ್ಲ. ಹತ್ತನೆಯ ತಿಂಗಳಲ್ಲಿ ಜ್ವರ ಬಂದು ಐದು ದಿನ ತುತ್ತು ಮುಟ್ಟಲಿಲ್ಲ, ಎದೆಹಾಲು ಮಾತ್ರ. ತಾಯಿ ಕಾರ್ಡಿನ ಹಾಳೆಯಲ್ಲಿ ತೂಕದ ಗೆರೆ ಆ ತಿಂಗಳು ಮೇಲೇರದೆ ಅಡ್ಡ ಹೋಯಿತು. ಹುಟ್ಟಿದಾಗ 2.9 ಕಿಲೋ, ಆರು ತಿಂಗಳಿಗೆ 6.8, ಆಮೇಲೆ ಪ್ರತಿ ತಿಂಗಳೂ ಏರುತ್ತಾ ಬಂದಿದ್ದ ಗೆರೆ. ಅಂಗನವಾಡಿ ಟೀಚರ್ ಆ ಚುಕ್ಕೆ ಹಾಕುವಾಗ ನನಗೆ ಎದೆ ಭಾರವಾಯಿತು. ಮನೆಗೆ ಬಂದು ಹಿಡಿದು ತುರುಕಿದೆ, ಅವಳು ಅತ್ತು ವಾಂತಿ ಮಾಡಿಕೊಂಡಳು. ಅದೇ ಕೊನೆ. ಬಾಯಿ ಮುಚ್ಚಿ ಮುಖ ತಿರುಗಿಸಿದರೆ ಊಟ ಮುಗಿಯಿತು ಎಂದೇ ಅರ್ಥ, ಬಟ್ಟಲಿನಲ್ಲಿ ಎಷ್ಟೇ ಉಳಿದಿರಲಿ. ಹಸಿವಾದಾಗ ಕೊಡುತ್ತಾ, ಒಂದೇ ಸಲಕ್ಕೆ ಬದಲು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಟ್ಟೆ. ಮುಂದಿನ ತಿಂಗಳು ಗೆರೆ ಮತ್ತೆ ಮೇಲಕ್ಕೆ ಹತ್ತಿತು. ವರ್ಷ ತುಂಬಿದಾಗ 8.9 ಕಿಲೋ.

ಆ ಹೊತ್ತಿಗೆ ಅವಳ ಊಟ ನಮ್ಮ ಊಟವೇ ಆಗಿತ್ತು. ಬಸ್ಸಾರು ಮಾಡಿದ ದಿನ ಉಪ್ಪು, ಖಾರ ಹಾಕುವ ಮೊದಲೇ ಸೊಪ್ಪು ಬೇಳೆ ಬೆಂದ ಕಟ್ಟನ್ನು ಅವಳಿಗೆ ಎತ್ತಿಟ್ಟು, ಅದರಲ್ಲಿ ಮುದ್ದೆ ಕದಡಿ, ಒಂದೆರಡು ಹನಿ ನಿಂಬೆರಸ ಹಿಂಡುತ್ತೇನೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ಮೊದಲ ಹನಿಗೆ ಒಂದು ಕಣ್ಣು ಮುಚ್ಚಿ ಮೈ ಕೊಡವುತ್ತಾಳೆ, ಆಮೇಲೆ ‘ಮಮ್ಮು’ ಎಂದು ಮತ್ತೆ ಬಾಯಿ ತೆರೆಯುತ್ತಾಳೆ. ಅವಳು ಆಡಿದ ಎರಡನೆಯ ಮಾತು ಅದು. ಮೊದಲನೆಯದು ‘ಅವ್ವ’. ನಾನು ಕರೆಯುವುದನ್ನು ಕೇಳಿ ಕೇಳಿ ಕಲಿತದ್ದು, ಕರೆದದ್ದು ಅಜ್ಜಿಯನ್ನು.

ಈಗ ನನ್ನ ತಂಗಿಯ ಮಗುವಿಗೆ ಐದು ತಿಂಗಳು ಮುಗಿಯುತ್ತಾ ಬಂತು. ಅವ್ವನಿಗೆ ಮಂಡಿ ನೋವು, ನೆಲದ ಮೇಲೆ ಕೂತು ವಸ್ತ್ರಗಾಳಿ ಹಿಡಿಯಲು ಆಗುವುದಿಲ್ಲ. ‘ನೀನೇ ಮಾಡಿ ಕಳ್ಸಪ್ಪ’ ಎಂದಳು. ನಿನ್ನೆ ಎರಡು ಸೇರು ರಾಗಿಯ ಮೊಳಕೆ ಬಿಚ್ಚಿ ತಾರಸಿಯ ಮೇಲೆ ಹರಡಿದ್ದೇನೆ. ಮಗಳು ಸೌಟು ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ. ಪಾರಿವಾಳ ಬಂದು ಗೋಡೆಯ ಮೇಲೆ ಕೂತರೆ ಎದ್ದು ನಿಂತು ‘ಪಾಪು ಮಮ್ಮು, ಪಾಪು ಮಮ್ಮು’ ಎಂದು ಅವಕ್ಕೆ ಹೇಳುತ್ತಾಳೆ.