ಲೆಕ್ಕ ತಾಳೆಯಾಗುವ ತನಕ: ಅಕೌಂಟ್ಸ್ ಕೆಲಸಕ್ಕೆ ಇಳಿಯುವುದು ಹೇಗೆ?

ಪಿಯುಸಿ ಕಾಮರ್ಸ್ ಮುಗಿಸಿದ ಮಕ್ಕಳಿರುವ ಮನೆಯಲ್ಲಿ ಒಂದೇ ಮಾತು. ಸಿಎ ಮಾಡಿಸೋದಾ, ಬಿ.ಕಾಂ ಸಾಕಾ, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಕಲಿತರೆ ಕೆಲಸ ಸಿಗುತ್ತಾ? ಲೆಕ್ಕದ ಪುಸ್ತಕಗಳ ನಡುವೆಯೇ ಅರ್ಧ ಆಯಸ್ಸು ಕಳೆದ ನನ್ನನ್ನು ಕೇಳಿದರೆ, ಮೊದಲು ಒಂದು ನಿಜವಾದ ಅಂಗಡಿಯ ಲೆಕ್ಕ ಬರೆಯಿರಿ ಅಂತೀನಿ. ಯಾವ ಕೋರ್ಸ್ ಅನ್ನೋದು ಆಮೇಲಿನ ಮಾತು.

1. ಒಂದು ಅಂಗಡಿ ಹಿಡಿಯಿರಿ

ಮಾವನ ಹಾರ್ಡ್‌ವೇರ್ ಅಂಗಡಿಯೋ, ಪಕ್ಕದ ಬೀದಿಯ ಕಿರಾಣಿಯೋ, ಯಾವುದಾದರೂ ಸರಿ. ಒಂದು ತಿಂಗಳ ಬಿಲ್ಲುಗಳು, ಉದ್ರಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಕೇಳಿ ತನ್ನಿ. ಉದ್ದ ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆಯಿರಿ. ಮೊದಲು ನಗದು ಪುಸ್ತಕ, ಆಮೇಲೆ ಖಾತೆಗಳು, ಕೊನೆಗೆ ತಾಳೆಪಟ್ಟಿ, ಅಂದರೆ ಎಲ್ಲ ಖಾತೆಗಳ ಬಾಕಿಯನ್ನು ಡೆಬಿಟ್, ಕ್ರೆಡಿಟ್ ಎಂದು ಎರಡು ಕಡೆ ಬರೆದು ಮೊತ್ತ ಸಮ ಬಂತಾ ಎಂದು ನೋಡುವ ಪಟ್ಟಿ.

ಪಠ್ಯಪುಸ್ತಕದಲ್ಲಿ ವ್ಯವಹಾರಗಳು ಸಾಲಾಗಿ ನಿಂತಿರುತ್ತವೆ. ಅಂಗಡಿಯಲ್ಲಿ ಹಾಗಿರಲ್ಲ. ಯಜಮಾನರು ಗಲ್ಲಾದಿಂದ 500 ರೂಪಾಯಿ ತೆಗೆದು ಮನೆಗೆ ತರಕಾರಿ ತಂದಿರುತ್ತಾರೆ. ಅದು ಅಂಗಡಿಯ ಖರ್ಚಲ್ಲ, ಯಜಮಾನರ ಡ್ರಾಯಿಂಗ್ಸ್, ಅಂದರೆ ಸ್ವಂತಕ್ಕೆ ತೆಗೆದ ಹಣ. ಗಿರಾಕಿ ಫೋನಿನಲ್ಲಿ ಕಳಿಸಿದ ಹಣ ಮಗನ ಖಾತೆಗೆ ಬಿದ್ದಿರುತ್ತದೆ. ಆದರೂ ಅದು ಅಂಗಡಿಯ ಮಾರಾಟವೇ. ಇಂಥ ನಾಲ್ಕು ಗಂಟು ಬಿಡಿಸಿದವರಿಗೆ ಡೆಬಿಟ್-ಕ್ರೆಡಿಟ್ ಮತ್ತೆ ಮರೆಯುವುದಿಲ್ಲ.

2. ತಪ್ಪು ಹುಡುಕುವುದನ್ನು ಕಲಿಯಿರಿ

ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ನನ್ನ ತಾಳೆಪಟ್ಟಿಯಲ್ಲಿ 3,600 ರೂಪಾಯಿ ವ್ಯತ್ಯಾಸ. ಎರಡು ದಿನ ಒಂದೊಂದೇ ವೋಚರ್ ತಿರುವಿ ಹಾಕಿದೆ, ಸಿಗಲಿಲ್ಲ. ಆಫೀಸಿನ ಹಿರಿಯ ಗುಮಾಸ್ತರು ಬಂದು, "ಮೊದಲು ಒಂಬತ್ತರಿಂದ ಭಾಗಿಸಪ್ಪಾ" ಅಂದರು. ಭಾಗಿಸಿದೆ, 400 ಬಂತು, ಶೇಷ ಸೊನ್ನೆ. "ಹಾಗಾದ್ರೆ ಎಲ್ಲೋ ಅಂಕಿ ಅದಲುಬದಲು ಆಗಿರಬೇಕು, ನೋಡು" ಅಂದರು. ಹತ್ತು ನಿಮಿಷದಲ್ಲಿ ಸಿಕ್ಕಿತು. 14,850 ಅನ್ನು ನಾನು 18,450 ಎಂದು ಬರೆದಿದ್ದೆ.

ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಒಂಬತ್ತರಲ್ಲಿ ಸಿಗದಿದ್ದರೆ ಎರಡರಿಂದ ಭಾಗಿಸಿ. ಜಮೆಯ (ಕ್ರೆಡಿಟ್) ಕಡೆ ಹೋಗಬೇಕಾದ ಮೊತ್ತ ಖರ್ಚಿನ (ಡೆಬಿಟ್) ಕಡೆ ಹೋಗಿದ್ದರೆ ವ್ಯತ್ಯಾಸ ಅದರ ಎರಡರಷ್ಟಿರುತ್ತದೆ. ಅಂದರೆ 3,600ಕ್ಕೆ 1,800ರ ನಮೂದು ಹುಡುಕಬೇಕು.

ಇನ್ನೊಂದು ಎಚ್ಚರ. ತಾಳೆಯಾಯಿತು ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಹೊಸ ಪ್ರಿಂಟರ್ ಅಂದರೆ ಆಸ್ತಿ; ಅದನ್ನು ಕೊಂಡ ಹಣವನ್ನು ರಿಪೇರಿ ಖರ್ಚಿಗೆ ಹಾಕಿದರೂ ಪಟ್ಟಿ ತಾಳೆಯಾಗುತ್ತದೆ. ಲಾಭ ಮಾತ್ರ ತಪ್ಪಾಗಿ ಬರುತ್ತದೆ.

3. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ

ಟ್ಯಾಲಿ ನಮ್ಮ ಬೆಂಗಳೂರಿನದೇ ಕೂಸು. ಗಿರಣಿಗಳಿಗೆ ಸಾಮಾನು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಅವರಿಂದಲೇ ಬರೆಸಿದರು. 1986ರಲ್ಲಿ ಕಂಪನಿ ಶುರುವಾಯಿತು. ಕೈಯಲ್ಲಿ ಲೆಕ್ಕ ಬರೆದವರಿಗೆ ಟ್ಯಾಲಿ ಬೇಗ ಒಗ್ಗುತ್ತದೆ. ಬರೀ ಕೀಲಿಗಳನ್ನು ಉರು ಹೊಡೆದವರು ಮೊದಲ ತಪ್ಪಿಗೇ ಸಿಕ್ಕಿಬೀಳುತ್ತಾರೆ.

ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಅದನ್ನು ಬಿಲ್ ಹಿಡಿದುಕೊಂಡೇ ಕಲಿಯಬೇಕು. ಒಂದು ಖರೀದಿ ಬಿಲ್ ತೆಗೆದುಕೊಳ್ಳಿ. ಮಾರಿದವರ ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲೆರಡು 29 ಇದ್ದರೆ ಅದು ಕರ್ನಾಟಕದ ನೋಂದಣಿ. ಅದರ ಹಿಂದೆಯೇ ಅವರ ಪ್ಯಾನ್ ಸಂಖ್ಯೆ ಬರುತ್ತದೆ. ಇಲ್ಲಿಯವರೇ ಇಲ್ಲಿನ ಅಂಗಡಿಗೆ ಶೇ 18 ತೆರಿಗೆಯ 10,000 ರೂಪಾಯಿ ಮಾಲು ಮಾರಿದರೆ ಕೇಂದ್ರಕ್ಕೆ 900, ರಾಜ್ಯಕ್ಕೆ 900. ಅದೇ ಮಾಲು ಮಹಾರಾಷ್ಟ್ರದಿಂದ ಬಂದರೆ 1,800 ಇಡಿಯಾಗಿ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿ. ಇಂಥ ಐವತ್ತು ಬಿಲ್ ನೋಡಿದರೆ ಕಣ್ಣು ಪಳಗುತ್ತದೆ.

ಎಕ್ಸೆಲ್‌ನಲ್ಲಿ ಸದ್ಯಕ್ಕೆ ವಿ-ಲುಕಪ್ (ಪಟ್ಟಿಯಲ್ಲಿ ಹುಡುಕಿ ತರುವ ಸೂತ್ರ), ಪಿವೋಟ್ ಟೇಬಲ್ (ರಾಶಿ ಅಂಕಿಗಳ ಸಾರಾಂಶ) ಬಂದರೆ ಸಾಕು.

4. ತಾರೀಖುಗಳನ್ನು ಗೋಡೆಗೆ ಅಂಟಿಸಿ

ಪ್ರತಿ ತಿಂಗಳ 7ಕ್ಕೆ ಹಿಂದಿನ ತಿಂಗಳ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ ಜಿಎಸ್‌ಟಿಆರ್-3ಬಿ (ತಿಂಗಳ ಒಟ್ಟು ತೆರಿಗೆ ಲೆಕ್ಕ). 15ಕ್ಕೆ ನೌಕರರ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ವಿಮೆ) ಕಂತು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಆ ತಿಂಗಳು ವ್ಯಾಪಾರವೇ ಇಲ್ಲದಿದ್ದರೂ ದಿನಕ್ಕೆ 20. ತಾರೀಖು ತಪ್ಪಿಸದ ಅಕೌಂಟೆಂಟನ್ನು ಯಾವ ಯಜಮಾನರೂ ಸುಮ್ನೆ ಬಿಟ್ಟುಕೊಡುವುದಿಲ್ಲ.

5. ಈಗ ಕೋರ್ಸ್ ಆರಿಸಿ

ಅಂಗಡಿಯ ಲೆಕ್ಕ ಬರೆಯುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲವಾ? ಹಾಗಾದರೆ ಸಿಎ ಬಗ್ಗೆ ಯೋಚಿಸಿ. ಮೊದಲು ಫೌಂಡೇಶನ್, ನಾಲ್ಕು ಪತ್ರಿಕೆ, 400 ಅಂಕ. ಪ್ರತಿ ಪತ್ರಿಕೆಯಲ್ಲೂ ಶೇ 40, ಒಟ್ಟಾರೆ ಶೇ 50 ಬೇಕು. ಪರೀಕ್ಷೆಗೆ ಕನಿಷ್ಠ ನಾಲ್ಕು ತಿಂಗಳು ಮೊದಲೇ ನೋಂದಣಿ ಆಗಿರಬೇಕು. ಆಮೇಲೆ ಇಂಟರ್‌ಮೀಡಿಯೇಟ್, ಎರಡು ಗ್ರೂಪ್‌ಗಳಲ್ಲಿ ಆರು ಪತ್ರಿಕೆ. ಅದರ ಎರಡೂ ಗ್ರೂಪ್ ಮುಗಿಸಿದ ಮೇಲೆ ಸಿಎ ಒಬ್ಬರ ಕೈಕೆಳಗೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಕೆಲಸದ ತರಬೇತಿ. ಕೊನೆಗೆ ಫೈನಲ್, ಮತ್ತೆ ಆರು ಪತ್ರಿಕೆ. ಬಿ.ಕಾಂನಲ್ಲಿ ಶೇ 55 ತೆಗೆದವರು ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಹೋಗಬಹುದು.

ಪರೀಕ್ಷೆ ಬರೆಯಲು ಇಂಗ್ಲಿಷ್ ಇಲ್ಲವೇ ಹಿಂದಿ ಮಾತ್ರ, ಕನ್ನಡ ಇಲ್ಲ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲೇ ಹೆದರುತ್ತಾರೆ. ಹೆದರಬೇಡಿ. ವಿಷಯವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಪದಗಳನ್ನು ಜೋಡಿಯಾಗಿ ಬರೆದಿಡಿ: ತಾಳೆಪಟ್ಟಿ ಅಂದರೆ ಟ್ರಯಲ್ ಬ್ಯಾಲೆನ್ಸ್, ಸವಕಳಿ ಅಂದರೆ ಡಿಪ್ರಿಸಿಯೇಶನ್. ಆಮೇಲೆ ದಿನಕ್ಕೊಂದು ಉತ್ತರ ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೊಳ್ಳಿ. ಹಳ್ಳಿ ಶಾಲೆಯಿಂದ ಬಂದ ನನಗೂ ಇದೇ ದಾರಿ ಕೈಹಿಡಿಯಿತು.

ಕಾರ್ಖಾನೆ, ಉತ್ಪಾದನಾ ವೆಚ್ಚದ ಕಡೆ ಒಲವಿದ್ದರೆ ಸಿಎಂಎ (ಕಾಸ್ಟ್ ಅಕೌಂಟೆಂಟ್) ಇದೆ. ಕಂಪನಿ ಕಾನೂನು ಇಷ್ಟವಾದರೆ ಸಿಎಸ್ (ಕಂಪನಿ ಸೆಕ್ರೆಟರಿ). ಬಿ.ಕಾಂ ಮಾಡಿ ನೇರ ಕೆಲಸಕ್ಕೆ ಸೇರಿದರೂ ಕೀಳಲ್ಲ. ಬಿ.ಕಾಂ ಮಾತ್ರ ಓದಿ ಇಡೀ ಕಾರ್ಖಾನೆಯ ಲೆಕ್ಕ ಹೊತ್ತವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

6. ಮೊದಲ ಆಫೀಸು

ಆರ್ಟಿಕಲ್‌ಶಿಪ್‌ಗೆ ಎಲ್ಲರೂ ಬೆಂಗಳೂರಿನ ದೊಡ್ಡ ಹೆಸರುಗಳ ಹಿಂದೆ ಓಡುತ್ತಾರೆ. ಅಲ್ಲಿ ದೊಡ್ಡ ಕಂಪನಿಗಳ ಆಡಿಟ್ ನೋಡಲು ಸಿಗುತ್ತದೆ, ನಿಜ. ಆದರೆ ದಾವಣಗೆರೆಯಲ್ಲೋ ಹಾಸನದಲ್ಲೋ ನಾಲ್ಕೈದು ಜನರ ಆಫೀಸಿಗೆ ಸೇರಿದರೆ ಸಹಕಾರ ಸಂಘದ ಲೆಕ್ಕ, ಮಂಡಿ ವರ್ತಕರ ರಿಟರ್ನ್, ಟ್ರಸ್ಟಿನ ಆಡಿಟ್ ಎಲ್ಲಕ್ಕೂ ನೀವೇ ಕೈ ಹಾಕಬೇಕಾಗುತ್ತದೆ. ಮುಂದೆ ಸ್ವಂತ ಆಫೀಸ್ ಇಡುವ ಆಸೆ ಇರುವವರಿಗೆ ನಾನು ಹೇಳುವುದು ಎರಡನೆಯದನ್ನೇ.

ಎಲ್ಲೇ ಸೇರಿದರೂ ಓದು ನಿಲ್ಲಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ. 2026ರ ಏಪ್ರಿಲ್ 1 ಅದು ಜಾರಿಯಾಗುವ ದಿನ. ಬಾಯಿಪಾಠ ಮಾಡಿದ್ದ ಸೆಕ್ಷನ್ ನಂಬರುಗಳನ್ನು ನಾನೂ ಹೊಸದಾಗಿ ಕಲಿಯುತ್ತಿದ್ದೇನೆ.

ಒಂದಲ್ಲ ಒಂದು ದಿನ ಯಾರೋ ಬಂದು, ಮಾಲು ಬಾರದಿದ್ದರೂ ಖರೀದಿ ಬಿಲ್ ಹಾಕು ಅನ್ನುತ್ತಾರೆ. ನನಗೂ ಒಬ್ಬರು ಹೇಳಿದ್ದರು. ಆಗೋದಿಲ್ಲ ಸಾರ್ ಅಂದೆ, ಕೆಲಸ ಹೋಯಿತು. ಮೂರು ತಿಂಗಳು ಕಷ್ಟವಾಯಿತು. ಮುಂದಿನ ಕೆಲಸ ಕೊಡಿಸಿದವರು ಅದೇ ಆಫೀಸಿಗೆ ಬಂದು ಹೋಗುತ್ತಿದ್ದ ಆಡಿಟರು.

ಸಂದರ್ಶನಕ್ಕೆ ಹೋಗುವಾಗ ಅಂಗಡಿಯ ಆ ಉದ್ದ ನೋಟ್‌ಬುಕ್ ಜೊತೆಗಿರಲಿ. ಅಂಗಡಿಯವರ ಒಪ್ಪಿಗೆ ಕೇಳಿ, ಹೆಸರುಗಳನ್ನು ಮುಚ್ಚಿ ಒಯ್ಯಿರಿ. ನನ್ನ ಮುಂದೆ ಯಾರಾದರೂ ಅಂಥದ್ದೊಂದು ಪುಸ್ತಕ ಇಟ್ಟರೆ ನಾನು ಮಾರ್ಕ್ಸ್‌ಕಾರ್ಡಿಗಿಂತ ಮೊದಲು ಅದನ್ನೇ ತೆರೆದು ನೋಡುತ್ತೇನೆ.